ಸೀತಾಫಲದ ಬೀಜ

ಸೀತಾಫಲವನ್ನು ನಾವು ಒಂದೇ ಹಣ್ಣೆಂದು ಎಣಿಸುತ್ತೇವೆ. ವಸ್ತುತಃ ಅದು ಅನೇಕ ಕಿರುಹಣ್ಣುಗಳ ಕೂಟ. ಒಂದೇ ಹೂವಿನ ಹಲವು ಅಂಡಾಶಯಗಳು ಹೂಪೀಠದೊಡನೆ ಬೆಸೆದು ಬೆಳೆಯುತ್ತವೆ. ಹೊರಮೈಯ ಒಂದೊಂದು ಉಬ್ಬೂ ಒಂದೊಂದು ಕಿರುಹಣ್ಣಿನ ಗುರುತು. ಪರಾಗ ಸೇರದ ಭಾಗ ಸೊರಗಿ ಹಣ್ಣು ಸೊಟ್ಟಗಾಗುತ್ತದೆ.

ಬೀಜದ ಕಪ್ಪು ಸಿಪ್ಪೆಯನ್ನು ಒಡೆದರೆ ಒಳಗೆ ಬಿಳಿಯ ತಿರುಳು. ಸಿಪ್ಪೆಯ ಮಡಿಕೆಗಳು ಅದರೊಳಕ್ಕೆ ಇಳಿದಿರುತ್ತವೆ. ತಿರುಳಿನಲ್ಲಿ ಎಣ್ಣೆಯುಂಟು, ಅಸಿಟೋಜೆನಿನ್ ಎಂಬ ವಿಷವರ್ಗವೂ ಉಂಟು. ಅದು ಜೀವಕೋಶದ ಉಸಿರಾಟವನ್ನೇ ತಡೆಯುತ್ತದೆ. ಹೇನು ಸಾಯುವುದೆಂದು ಬೀಜದ ಪುಡಿಯನ್ನು ಮಕ್ಕಳ ತಲೆಗೆ ಹಚ್ಚುವ ರೂಢಿ ಕೆಲವು ಮನೆಗಳಲ್ಲಿದೆ. ಆ ಪುಡಿ ಕಣ್ಣಿಗೆ ಬಿದ್ದರೆ ಅಸಹನೀಯ ನೋವು. ಕಣ್ಣಿನ ಪಾರದರ್ಶಕ ಪಟಲವೇ ಗಾಯಗೊಳ್ಳುತ್ತದೆ. ತಾಯಂದಿರು ಈ ರೂಢಿಯನ್ನು ಬಿಡಬೇಕು. ಅಕಸ್ಮಾತ್ ಬಿದ್ದರೆ ಕಣ್ಣನ್ನು ಉಜ್ಜದೆ, ಧಾರಾಳ ನೀರಿನಿಂದ ತೊಳೆದು ಕೂಡಲೇ ನೇತ್ರವೈದ್ಯರಿಗೆ ತೋರಿಸಬೇಕು.

ಹಣ್ಣನ್ನು ಸವಿಯೋಣ, ಬೀಜವನ್ನು ಮಣ್ಣಿಗೇ ಒಪ್ಪಿಸೋಣ.