ಚಿತ್ರ ಕುಗ್ಗಲಿ, ಅಕ್ಷರ ಉಳಿಯಲಿ

ನಂದಿನಿ ಲೇಔಟಿನ ಸೈಬರ್ ಅಂಗಡಿಯೊಂದರಲ್ಲಿ ಕುಗ್ಗಿಸಿದ ನನ್ನ ಅಂಕಪಟ್ಟಿಯ ಚಿತ್ರ ಮಸುಕಾಗಿ, ವಿದ್ಯಾರ್ಥಿವೇತನದ ಅರ್ಜಿ ಹಿಂದಿರುಗಿತು. ಈ ಕೆಲಸವನ್ನು ನಾವೇ ಕಲಿಯಬೇಕೆಂಬುದು ನನ್ನ ಅಭಿಪ್ರಾಯ.

ಜೆಪೆಗ್ ಚಿತ್ರಗಳಿಗೆ ಆಧಾರವಾದ ಗಣಿತವನ್ನು 1974ರಲ್ಲಿ ಸಹೋದ್ಯೋಗಿಗಳೊಡನೆ ಪ್ರಕಟಿಸಿದ ನಾಸಿರ್ ಅಹಮದರು ಬೆಂಗಳೂರಿನಲ್ಲಿ ಹುಟ್ಟಿ ಇಲ್ಲಿಯೇ ಎಂಜಿನಿಯರಿಂಗ್ ಓದಿದವರು. ಕಣ್ಣಿಗೆ ಅಷ್ಟಾಗಿ ಕಾಣದ ಸೂಕ್ಷ್ಮಗಳನ್ನು ಮೊದಲು ಬಿಡುವುದೇ ಜೆಪೆಗ್‌ನ ಮರ್ಮ. ಆದುದರಿಂದ ಬ್ರೌಸರಿನಲ್ಲಿ ತೆರೆಯುವ ಎಡಿಟರಿನಲ್ಲಿ ಮೊದಲು ಬೇಡದ ಅಂಚನ್ನು ಕತ್ತರಿಸಿರಿ. ಅನಂತರ ಉದ್ದಗಲಗಳನ್ನು ತಗ್ಗಿಸಿರಿ. ಎರಡೂ ಅರ್ಧವಾದರೆ ಪಿಕ್ಸೆಲ್ಲುಗಳು ಕಾಲುಭಾಗವಾಗುವುವು. ಕೊನೆಗೆ ಗುಣಮಟ್ಟವನ್ನು 80ರ ಸುಮಾರಿಗೆ ಇಳಿಸಿ, ಅಂಕಿಗಳನ್ನು ಓದಿ ನೋಡಿರಿ. ಪ್ರತಿ ಸಲವೂ ಮೂಲಪ್ರತಿಯಿಂದಲೇ ಆರಂಭಿಸಿರಿ. ಕುಗ್ಗಿದುದನ್ನೇ ಕುಗ್ಗಿಸಿದರೆ ಕಳೆದುದು ಮರಳದು.

ಹೀಗೆ ಕಳುಹಿಸಿದ ನನ್ನ ಎರಡನೆಯ ಅರ್ಜಿ ಸ್ವೀಕೃತವಾಯಿತು. ಒಂದು ಗಂಟೆಯ ಈ ಪಾಠವನ್ನು ಕಾಲೇಜಿನಲ್ಲಿಯೇ ಕಲಿಸಬೇಕೆಂದು ಗುರುಗಳಲ್ಲಿ ನನ್ನ ಅರಿಕೆ.