ವಾರ್ತೆ ಬೇಡದ ಕೇಳುಗರು

ಇಂಗ್ಲೆಂಡಿನ ಡ್ರಾಯ್ಟ್‌ವಿಚ್‌ನಲ್ಲಿ ಬಿಬಿಸಿಯ ದೀರ್ಘತರಂಗ ಕೇಂದ್ರ ಶುರುವಾದದ್ದು 1934ರಲ್ಲಿ. ಜನ ಅದರಲ್ಲಿ ವಾರ್ತೆ ಕೇಳಿದರು, ಹಡಗಿನವರು ಹವಾಮಾನ ಸೂಚನೆ ಕೇಳಿದರು, ಆಮೇಲಾಮೇಲೆ ಕ್ರಿಕೆಟ್ ಕಾಮೆಂಟರಿಯೂ ಬಂತು. ಇವರ ನಡುವೆ ಇನ್ನೊಂದು ಜಾತಿಯ ಕೇಳುಗರಿದ್ದರು. ಅವರಿಗೆ ಮಾತೇ ಅಡ್ಡಿ. ಮಾತನ್ನು ಹೊತ್ತು ತರುವ ತರಂಗವಷ್ಟೇ ಬೇಕು. ಯಾವ ಶ್ರೋತೃ ಸಮೀಕ್ಷೆಯೂ ಇವರನ್ನು ಲೆಕ್ಕಕ್ಕೆ ಹಿಡಿದಿರಲಾರದು.

ಆ ತರಂಗದ ಆವರ್ತನವನ್ನು ಮುಂದಿನ ದಿನಗಳಲ್ಲಿ ರುಬಿಡಿಯಂ ಪರಮಾಣುಗಳು ಕಾಯುತ್ತಿದ್ದವು. ತಪ್ಪಿದರೆ ಹತ್ತು ಸಾವಿರ ಕೋಟಿಗೆ ಒಂದು ಪಾಲಿನ ಆಸುಪಾಸು; ಗಡಿಯಾರದ ಲೆಕ್ಕದಲ್ಲಿ ಮೂರು ಸಾವಿರ ವರ್ಷಕ್ಕೆ ಒಂದು ಸೆಕೆಂಡು. ಪ್ರಯೋಗಾಲಯದವರೂ ಹ್ಯಾಮ್ ರೇಡಿಯೊ ಹವ್ಯಾಸಿಗಳೂ ಇದನ್ನು ಬಿಟ್ಟಿಯಾಗಿ ಮನೆಗೆ ಇಳಿಸಿಕೊಂಡರು. ಧ್ವನಿಯಿಂದ ಬದಲಾಗುವುದು ತರಂಗದ ಎತ್ತರ ಮಾತ್ರ. ಆ ಏರಿಳಿತವನ್ನು ಕತ್ತರಿಸಿ ಒಂದೇ ಮಟ್ಟಕ್ಕೆ ತಂದರೆ ಮಾತು ಅಳಿದು ಕಂಪನ ಉಳಿಯುತ್ತದೆ. ಮೇಜಿನ ಮೇಲಿನ ಕ್ವಾರ್ಟ್ಸ್ ಹರಳಿನ ಕಂಪನವನ್ನು ಇದರ ಪಕ್ಕಕ್ಕಿಟ್ಟು ನೋಡಿ, ಹೆಚ್ಚುಕಮ್ಮಿಯಾದಷ್ಟೂ ವೋಲ್ಟೇಜ್ ಬದಲಿಸಿ ಹರಳನ್ನು ದಾರಿಗೆ ತರುವುದು.

ಕೇಳಲು ಸುಲಭ. ಜಾಣತನವೆಲ್ಲ ಇರುವುದು ನಿಧಾನದಲ್ಲಿ. ಹರಳು ಕ್ಷಣದಿಂದ ಕ್ಷಣಕ್ಕೆ ಸ್ಥಿರ. ದಿನಗಳು ಉರುಳಿದಂತೆ ಜಾರುತ್ತದೆ. ಆಕಾಶದಿಂದ ಬರುವ ಸಂಕೇತದ ಗುಣ ತದ್ವಿರುದ್ಧ: ದೀರ್ಘಕಾಲದಲ್ಲಿ ನಂಬಬಹುದು, ಆ ಕ್ಷಣಕ್ಕೆ ನಂಬುವಂತಿಲ್ಲ. ಸಿಡಿಲು ಗದ್ದಲ ಎಬ್ಬಿಸುತ್ತದೆ. ಕತ್ತಲಾದ ಮೇಲೆ ಅಯಾನುಗೋಳಕ್ಕೆ ಬಡಿದು ಬಂದ ತರಂಗ ನೆಲದ ಮೇಲೆ ಬಂದದ್ದರೊಡನೆ ಬೆರೆತು ಲಯ ಕೆಡಿಸುತ್ತದೆ. ಹಾಗಾಗಿ ಹರಳನ್ನು ತಿದ್ದುವ ಸಲಕರಣೆಗೆ ಹಿತ್ತಾಳೆ ಕಿವಿ ಇರಕೂಡದು. ಬಹಳ ಹೊತ್ತಿನ ಸರಾಸರಿ ನೋಡಿಯೇ ಹರಳನ್ನು ಮುಟ್ಟಬೇಕು.

1988ರ ಫೆಬ್ರುವರಿಯಲ್ಲಿ ಕೇಂದ್ರ 200 ಕಿಲೋಹರ್ಟ್ಸ್‌ನಿಂದ 198ಕ್ಕೆ ಸರಿಯಿತು. ಯುರೋಪಿನ ದೀರ್ಘತರಂಗ ಪ್ರಸಾರದ ಆವರ್ತನಗಳೆಲ್ಲ ಒಂಬತ್ತರ ಮಗ್ಗಿಗೆ ಹೊಂದಬೇಕಿತ್ತು. ರೇಡಿಯೊ ಕೇಳುವವರು ಮುಳ್ಳನ್ನು ಕೂದಲೆಳೆಯಷ್ಟು ತಿರುಗಿಸಿದರೆ ಆಯಿತು. ಅಳತೆಯವರ ಪಾಡು ಬೇರೆ. 200ನ್ನು ಐವತ್ತರಿಂದ ಗುಣಿಸಿದರೆ ಹರಳಿನ 10 ಮೆಗಾಹರ್ಟ್ಸ್ ಬಂದುಬಿಡುತ್ತಿತ್ತು. ಈಗ ಸಂಕೇತವನ್ನು 99ರಿಂದ, ಹರಳನ್ನು 5000ದಿಂದ ಭಾಗಿಸಿ ಎರಡನ್ನೂ 2 ಕಿಲೋಹರ್ಟ್ಸ್‌ಗೆ ಇಳಿಸಿ ಹೋಲಿಸಬೇಕಾಯಿತು. ಅವರ ಕಷ್ಟ ಬಿಬಿಸಿಯ ಜವಾಬ್ದಾರಿಯಾಗಿರಲಿಲ್ಲ, ನಿಜ. ಬಿಟ್ಟಿ ಸಿಕ್ಕಿದ್ದಕ್ಕೆ ಕರಾರುಪತ್ರ ಎಲ್ಲಿಂದ ಬರಬೇಕು?

ಈಗ ಬಹುತೇಕರು ಜಿಪಿಎಸ್‌ಗೆ ಹೋಗಿದ್ದಾರೆ. ಪೆಟ್ಟಿಗೆ ಚಿಕ್ಕದು, ನಿಖರತೆ ಹೆಚ್ಚು, ಪ್ರಪಂಚದ ಯಾವ ಮೂಲೆಯಲ್ಲೂ ಸಿಗುತ್ತದೆ. ಆದರೂ ಒಂದೇ ಮೂಲಕ್ಕೆ ಎಲ್ಲರೂ ಜೋತುಬೀಳುವುದು ನನಗೆ ಹಿಡಿಸದು. 2016ರ ಜನವರಿ 26ರಂದು ಹಳೆಯ ಜಿಪಿಎಸ್ ಉಪಗ್ರಹವೊಂದನ್ನು ಸೇವೆಯಿಂದ ತೆಗೆಯುವಾಗ ತಪ್ಪು ದತ್ತಾಂಶ ಹೊಕ್ಕು, ಹಲವು ಉಪಗ್ರಹಗಳು ಸಾರಿದ ವೇಳೆ 13 ಮೈಕ್ರೋಸೆಕೆಂಡ್ ಏರುಪೇರಾಯಿತು. ಅಂದು ಪ್ರಸಾರ ಕೆಟ್ಟವರಲ್ಲಿ ಬಿಬಿಸಿಯ ಡಿಜಿಟಲ್ ರೇಡಿಯೊವೂ ಒಂದು.