ಮನೆ ಮಾರಿದ ಮಾತ್ರಕ್ಕೆ ಜಂಗಮರೇ?

ನಿವೃತ್ತಿಯ ನಂತರ ಮನೆ-ಹೊಲ ಮಾರಿ, ವಾಹನವನ್ನೇ ಮನೆಯಾಗಿಸಿಕೊಂಡು ಊರೂರು ಸಂಚರಿಸುವ ಬಯಕೆ ಇಂದು ಕೆಲವು ಹಿರಿಯರಲ್ಲಿ ಕಾಣುತ್ತಿದೆ. ಸ್ಥಾವರವನ್ನು ತೊರೆದು ಜಂಗಮರಾಗುತ್ತೇವೆಂಬುದು ಅವರ ಸಮರ್ಥನೆ. ಆದರೆ ಜಂಗಮನಾಗಲು ಕಾಲು ನಡೆದರೆ ಸಾಲದು, ಅರಿವೂ ನಡೆಯಬೇಕು.

12ನೆಯ ಶತಮಾನದ ಶರಣ ಮೋಳಿಗೆಯ ಮಾರಯ್ಯನವರು ಪರಂಪರೆಯ ಪ್ರಕಾರ ಕಾಶ್ಮೀರದ ಅರಸರು. ರಾಜ್ಯವನ್ನು ತೊರೆದು ಕಲ್ಯಾಣಕ್ಕೆ ಬಂದ ಅವರು ಕಾಯಕವನ್ನು ತೊರೆಯಲಿಲ್ಲ. ಕಟ್ಟಿಗೆ ಹೊತ್ತು ಮಾರಿ ದಾಸೋಹ ನಡೆಸಿದರು. ಜೊತೆಗೆ ಹೆಜ್ಜೆಯಿಟ್ಟ ಪತ್ನಿ ಮಹಾದೇವಿಯಮ್ಮನವರೂ ವಚನಕಾರ್ತಿ.

ಆದ್ದರಿಂದ ಮನೆಪತ್ರಕ್ಕೆ ಸಹಿ ಹಾಕುವ ಮುನ್ನ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಬಾಳಸಂಗಾತಿಯ ಮನಸ್ಸೂ ಒಪ್ಪಿದೆಯೇ? ಹೋದಲ್ಲಿ ನಾವು ಮಾಡುವ ಕಾಯಕವೇನು? ಉತ್ತರವಿದ್ದರೆ ದಾರಿಯೇ ಮಹಾಮನೆ. ಇಲ್ಲದಿದ್ದರೆ ಮನೆ ಹೋದೀತು, ಮೋಹ ಉಳಿದೀತು.